ಪಟ್ಟಿ ತೆಗೆದವನೇ ತಿದ್ದಿದವನಂತೆ

ಪತ್ತಿನ ಸಹಕಾರಿ ಸಂಘವೊಂದರ ತಂತ್ರಾಂಶ ನೋಡಿಕೊಳ್ಳುವವನು ನಾನು. ಸಂಘದ ಮಹಾಸಭೆಗೆ ಬೇಕಾದ ಸದಸ್ಯರ ಪಟ್ಟಿಯನ್ನು ತೆಗೆದವನು ನಾನೇ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಪಟ್ಟಿ ತೆಗೆಯುವುದು ಬೇರೆ, ದಾಖಲೆ ತಿದ್ದುವುದು ಬೇರೆ ಎಂಬಷ್ಟನ್ನು ಇಂದು ಬಾಗಲಕೋಟೆಯ ಆ ಕೋಣೆಯಲ್ಲಿ ಕುಳಿತಿದ್ದ ಒಬ್ಬರಿಗೂ ಒಪ್ಪಿಸಲು ನನ್ನಿಂದಾಗಲಿಲ್ಲ. ಪಟ್ಟಿ ತೆಗೆಯುವ ವರದಿಯ ಕೋಡಿನಲ್ಲಿ ಸೇವ್, ಅಂದರೆ ಉಳಿಸು, ಎಂಬುದನ್ನು ಎಲ್ಲಿಯೂ ಬರೆದಿಲ್ಲ. ಬೇಕಾದವರು ಬಂದು ಹುಡುಕಿಕೊಳ್ಳಲಿ.

ಲೆಕ್ಕಪರಿಶೋಧಕರು ಕಾಗದದ ಕಟ್ಟನ್ನು ನನ್ನ ಮುಂದೆ ತಳ್ಳಿದರು. ಪುಟದ ಬಲತುದಿಯಲ್ಲಿ ‘ಕೊನೆಯದಾಗಿ ತಿದ್ದಿದವರು’ ಎಂಬ ಕಾಲಂ; ಅದರಲ್ಲಿ ಮೇಲಿನಿಂದ ಕೆಳಗಿನವರೆಗೆ, ಪುಟ ತಿರುವಿದರೂ, ಮತ್ತೆ ತಿರುವಿದರೂ, ಬಹುತೇಕ ನನ್ನ ಹೆಸರೇ, ನಾನು ಪಟ್ಟಿ ತೆಗೆದ ಸಂಜೆಯ ವೇಳೆಯೇ. ಮತದಾನದ ಹಕ್ಕಿರುವ ಸದಸ್ಯರ ಪಟ್ಟಿ ಅದು. ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ತಮ್ಮಾ, ಬರೇ ಪಟ್ಟಿ ತಗದೇನಿ ಅಂತಿ. ಹಂಗಾದ್ರ ಇಷ್ಟೂ ಮಂದಿ ಮುಂದ ನಿನ್ನ ಹೆಸರು ಹ್ಯಾಂಗ ಬಂತು?” ಎಂದು ಕೇಳಿದರು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು, ಅವರು ಬಹಳ ಮೆತ್ತಗೆ ಕೇಳಿದರು. ಚಹಾ ತಂದ ಹುಡುಗ ಕೂಡ ಬಸಿ ಕೈಯಲ್ಲಿ ಹಿಡಿದುಕೊಂಡು ನನ್ನ ಉತ್ತರಕ್ಕಾಗಿ ನಿಂತಿದ್ದ.

ತಂತ್ರಾಂಶ ತಾನಾಗಿಯೇ ಮಾಡಿದೆ ಎಂದೆ. ಒಬ್ಬ ನಿರ್ದೇಶಕರು ಜೋರಾಗಿ ನಕ್ಕರು. “ಮಾಡಿ ತೋರಸ್ರಿ ಹಂಗಾದ್ರ,” ಎಂದರು. ಲ್ಯಾಪ್‌ಟಾಪ್ ತೆರೆದು ಅವರೆಲ್ಲರ ಎದುರೇ ಅದೇ ವರದಿಯನ್ನು ಮತ್ತೆ ಓಡಿಸಿದೆ. ಏನೂ ಆಗಲಿಲ್ಲ. ಅಪ್‌ಡೇಟ್, ಅಂದರೆ ದತ್ತಾಂಶವನ್ನು ತಿದ್ದುವ ಆಜ್ಞೆ, ಒಂದೇ ಒಂದು ಕೂಡ ತಂತ್ರಾಂಶದ ಚಟುವಟಿಕೆ ದಾಖಲಾಗುವ ಲಾಗಿನಲ್ಲಿ ಬೀಳಲಿಲ್ಲ. ಇನ್ನೊಮ್ಮೆ ಓಡಿಸಿದೆ, ಆಗಲೂ ಇಲ್ಲ. “ನೋಡ್ರಿ, ಈಗ ಯಾಕ ಆಗವಲ್ತು?” ಎಂದ ಆ ನಿರ್ದೇಶಕರ ಮುಖದಲ್ಲಿ ಕಳ್ಳನನ್ನು ಕೈಯಾರೆ ಹಿಡಿದ ಸಂತೋಷವಿತ್ತು. ನನಗೆ ಉತ್ತರ ಗೊತ್ತಿತ್ತು. ಆದರೆ ಆ ಉತ್ತರವನ್ನು ಆ ಮೇಜಿನ ಮುಂದೆ ಹೇಳುವ ಬಗೆ ಯಾವುದು?

ಇಲ್ಲಿ ಹೇಳುತ್ತೇನೆ. ಹಳೆಯ ತಂತ್ರಾಂಶದಿಂದ ತಂದ ಹೆಸರುಗಳ ಕೊನೆಗೆಲ್ಲ ಖಾಲಿ ಸ್ಥಳಗಳಿದ್ದವು. ನನಗಿಂತ ಮೊದಲು ನಮ್ಮ ಕಂಪನಿಯಲ್ಲಿ ಕೆಲಸ ಮಾಡಿ ಈಗ ಪುಣೆ ಸೇರಿರುವ ಮಹನೀಯರು ಅವುಗಳನ್ನು ದತ್ತಾಂಶದಲ್ಲಿಯೇ ಒಮ್ಮೆ ಸ್ವಚ್ಛ ಮಾಡುವ ಬದಲು, ಕೇಳಿದಾಗ ಹೆಸರನ್ನು ಹಿಂತಿರುಗಿಸುವ ಕೋಡಿನ ತುಣುಕಾದ ಗೆಟರ್‌ನೊಳಗೆ, ತುದಿಯ ಖಾಲಿ ಸ್ಥಳ ಕತ್ತರಿಸುವ ಟ್ರಿಮ್ ಹಾಕಿಟ್ಟರು, ಅದರ ಮೇಲೆ ಯಾವ ಮಾಹಿತಿ ಯಾವ ಕಾಲಂಗೆ ಎಂದು ತಿಳಿಸುವ ಗುರುತುಗಳಾದ ಅನೊಟೇಶನ್‌ಗಳನ್ನೆಲ್ಲ ಮಾಹಿತಿ ನೇರವಾಗಿ ಇರುವ ಫೀಲ್ಡ್‌ಗಳಿಗೆ ಹಾಕದೆ ಗೆಟರ್‌ಗಳಿಗೇ ಹಾಕಿದರು. ನಮ್ಮ ಕೋಡು ಮತ್ತು ದತ್ತಾಂಶದ ನಡುವೆ ಓದಿ ಬರೆಯುವ ಕೆಲಸ ಮಾಡುವ ಸಾಧನ ಹೈಬರ್ನೇಟ್. ಅದು ಸದಸ್ಯರೊಬ್ಬರ ಸಾಲನ್ನು ಓದಿದಾಗ ಅದರ ಮೂಲ ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಫ್ಲಶ್ ಸಮಯದಲ್ಲಿ, ಅಂದರೆ ಬದಲಾವಣೆಗಳನ್ನು ದತ್ತಾಂಶಕ್ಕೆ ಕಳಿಸುವಾಗ, ಅದೇ ಗೆಟರ್ ಮೂಲಕ ಈಗಿನ ಮೌಲ್ಯವನ್ನು ಕೇಳಿ ಎರಡನ್ನೂ ಹೋಲಿಸುತ್ತದೆ. ಒಂದು ಕಡೆ ಬಾಲದ ಖಾಲಿ ಸ್ಥಳ ಇದೆ, ಇನ್ನೊಂದು ಕಡೆ ಇಲ್ಲ. ಹಾಗಾದರೆ ಬದಲಾಗಿದೆ ಎಂದು ತೀರ್ಮಾನಿಸಿ, ಯಾರೂ ಹೇಳದಿದ್ದರೂ ಅಪ್‌ಡೇಟ್ ಕಳಿಸುತ್ತದೆ. ‘ಕೊನೆಯದಾಗಿ ತಿದ್ದಿದವರು’ ಎಂಬ ಆಡಿಟ್ ಕಾಲಂ ತುಂಬುವ ಕೋಡು, ಅಂದರೆ ಲಿಸನರ್, ಆ ಹೊತ್ತಿಗೆ ಲಾಗಿನ್ ಆಗಿರುವವರ ಹೆಸರು ಬರೆಯುತ್ತದೆ, ಅಂದರೆ ನನ್ನದು. ಖಾಲಿ ಸ್ಥಳ ಒಮ್ಮೆ ಹೋದ ಮೇಲೆ ವ್ಯತ್ಯಾಸವೇ ಉಳಿಯುವುದಿಲ್ಲವಾದ್ದರಿಂದ ಎರಡನೆಯ ಸಲ ಏನೂ ಆಗುವುದಿಲ್ಲ. ಇಷ್ಟು ದಿನ ಕೌಂಟರಿನಲ್ಲಿ ಒಬ್ಬೊಬ್ಬ ಸದಸ್ಯರ ಪುಟ ತೆರೆದಾಗಲೂ ಇದೇ ನಡೆಯುತ್ತಿತ್ತು, ಗುಮಾಸ್ತರ ಹೆಸರು ಬೀಳುತ್ತಿತ್ತು, ಯಾರೂ ನೋಡಲಿಲ್ಲ. ಎಲ್ಲರನ್ನೂ ಒಟ್ಟಿಗೆ ಓದಿದ ಮೊದಲ ವರದಿ ನನ್ನದಾಯಿತು.

ಇದನ್ನು ಆ ಸಭೆಯಲ್ಲಿ ಹೇಳಿದ್ದೆ ಕೂಡ. “ಕಣ್ಣಿಗೆ ಕಾಣದ ಖಾಲಿ ಜಾಗ ಹೋಗೇದ್ರಿ” ಎಂಬ ವಾಕ್ಯವನ್ನು ಕರ್ನಾಟಕದ ಒಂದು ಪತ್ತಿನ ಸಹಕಾರಿ ಸಂಘದ ಆಡಳಿತ ಮಂಡಳಿಯ ಮುಂದೆ ಗಂಭೀರವಾಗಿ ಉಚ್ಚರಿಸಿದ ಏಕೈಕ ಮಹಾಪುರುಷ ನಾನೇ ಇರಬೇಕು. ಕಾಣದ್ದು ಹೋಯಿತು, ಯಾರೂ ಮಾಡಲಿಲ್ಲ, ಮತ್ತೆ ಆಗುವುದೂ ಇಲ್ಲ! ನಾನು ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಹೆಸರಿಗಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಹೈಬರ್ನೇಟ್ ತಾನಾಗಿ ಕಳಿಸುವ ಅಪ್‌ಡೇಟ್‌ನಲ್ಲಿ ಬದಲಾದ ಕಾಲಂ ಒಂದೇ ಇರುವುದಿಲ್ಲ. ಡೈನಾಮಿಕ್ ಅಪ್‌ಡೇಟ್ ಎಂದು ಬೇರೆಯಾಗಿ ಹೇಳದಿದ್ದರೆ ಎಲ್ಲ ಕಾಲಂಗಳನ್ನೂ, ತಾನು ಓದಿದ ಹಳೆಯ ಮೌಲ್ಯಗಳನ್ನೇ ತುಂಬಿ, ಬರೆಯುತ್ತದೆ. ನನ್ನ ವರದಿ ಸಾಲುಗಳನ್ನು ಓದಿದ ಮೇಲೆ, ಅವುಗಳನ್ನು ಮರಳಿ ಬರೆಯುವ ಮೊದಲು, ಕೌಂಟರಿನಲ್ಲಿ ರೈತರೊಬ್ಬರ ಮೊಬೈಲ್ ಸಂಖ್ಯೆಯನ್ನು ಬದಲಿಸಿದ್ದರು. ಅದು ಹಳೆಯ ಸಂಖ್ಯೆಗೇ ಮರಳಿತು. ಸಾಲು ತಿದ್ದಿದಾಗಲೆಲ್ಲ ಬದಲಾಗುವ ವರ್ಷನ್ ಕಾಲಂ ಇದ್ದಿದ್ದರೆ ತಪ್ಪಾದರೂ ಎದ್ದು ಕಾಣುತ್ತಿತ್ತು, ಅದೂ ಇರಲಿಲ್ಲ. ಆ ರೈತರು ಇಂದು ಸಭೆಗೇ ಬಂದು, ಕಬ್ಬಿನ ಬಿಲ್ಲಿನ ಸಂದೇಶ ಬೇರೆಯವರಿಗೆ ಹೋಯಿತೆಂದು ಕೂಗಾಡಿದರು. ಅವರ ಕೋಪ ನ್ಯಾಯವಾದದ್ದು. ನನ್ನ ಕೋಪ ನ್ಯಾಯವಾದದ್ದಲ್ಲವೇ?

ಹೈಬರ್ನೇಟ್ ಹೀಗೆ ತಾನಾಗಿ ಬರೆಯುವುದು ದೋಷವಲ್ಲವಂತೆ. 2001ರಲ್ಲಿ ಗ್ಯಾವಿನ್ ಕಿಂಗ್ ಹೈಬರ್ನೇಟ್ ಆರಂಭಿಸಿದರು, 2006ರಲ್ಲಿ ಜಾವಾ ಭಾಷೆಯಲ್ಲಿ ಇಂಥ ಸಾಧನಗಳಿಗೆ ಜೆಪಿಎ ಮಾನದಂಡವಾಯಿತು, ಟ್ರಾನ್ಸಾಕ್ಷನ್‌ನೊಳಗಿನ, ಅಂದರೆ ಒಟ್ಟಾಗಿ ಮುಗಿಯುವ ಒಂದು ಕೆಲಸದೊಳಗಿನ, ಎಂಟಿಟಿಯ (ಕೋಡಿನಲ್ಲಿ ಒಂದು ಸಾಲಿನ ರೂಪ) ಬದಲಾವಣೆ ಆ ಕೆಲಸ ಮುಗಿದು ಕಮಿಟ್ ಆದಾಗ ತಾನೇ ಬರೆಯಲ್ಪಡಬೇಕೆಂಬುದು ಅದರ ನಿಯಮವೇ. ಒಪ್ಪಿದೆ. ಕೆಲಸ ಸುಲಭವಾಗಲಿ ಎಂದೇ ಮಾಡಿದ್ದು, ನಾನೂ ದಿನಾಲು ಅದರ ಲಾಭ ಪಡೆಯುತ್ತೇನೆ. ಆದರೆ ಓದುವುದಕ್ಕೆಂದು ಬಾಗಿಲು ತೆರೆದವನ ಹೆಸರಿನಲ್ಲಿ ಬರೆಯುವ ಈ ಔದಾರ್ಯವನ್ನು ಯಾರು ಕೇಳಿದ್ದರು? ಯಾರಾದರೂ ಉತ್ತರ ಹೇಳಿ. ಪುಣೆಯಲ್ಲಿರುವವರು ಹೇಳಿದರೂ ಸರಿ, ಅವರು ಫೋನ್ ಎತ್ತುತ್ತಿಲ್ಲ.

ಸಂಜೆ ಬೆಳಗಾವಿಗೆ ಮರಳುವ ಬಸ್ಸಿನಲ್ಲಿಯೇ ವರದಿಯ ಟ್ರಾನ್ಸಾಕ್ಷನ್ ಅನ್ನು ರೀಡ್ ಓನ್ಲಿ, ಅಂದರೆ ಓದಲಿಕ್ಕೆ ಮಾತ್ರ, ಮಾಡಿದೆ. ಟ್ರಾನ್ಸಾಕ್ಷನ್‌ಗಳನ್ನು ನಡೆಸುವ ಸ್ಪ್ರಿಂಗ್ ಎಂಬ ಸಾಧನ ಆಗ ಫ್ಲಶ್ ಅನ್ನು ನಾವೇ ಕೋಡಿನಲ್ಲಿ ಹೇಳಿದರಷ್ಟೇ ಆಗುವಂತೆ ಇಡುತ್ತದೆ. ಅನೊಟೇಶನ್‌ಗಳನ್ನು ಫೀಲ್ಡ್‌ಗೆ ಸರಿಸುವುದು ಬಾಕಿ ಇದೆ. ಇದೆಲ್ಲ ಮುಂದೆ ಹೀಗಾಗದಿರಲಿ ಎಂದು. ಈಗಾಗಲೇ ಬಿದ್ದಿರುವ ನನ್ನ ಹೆಸರನ್ನು ಆ ಕಾಲಂನಿಂದ ತೆಗೆಯಬೇಕಾದರೆ ದತ್ತಾಂಶಕ್ಕೆ ನೇರ ಕೈಹಾಕಬೇಕು, ಆಗ ಮಹಾಸಭೆಗೆ ಮುನ್ನ ಪಟ್ಟಿ ತಿದ್ದಿದವನು ನಿಜವಾಗಿಯೂ ನಾನೇ ಆಗುತ್ತೇನೆ.

ನಮ್ಮ ಮಾಲೀಕರು ಫೋನಿನಲ್ಲಿ, “ಹೋಗ್ಲಿ ಬಿಡೋ, ಒಂದು ತಪ್ಪೊಪ್ಪಿಗೆ ಪತ್ರ ಬರ್ದು ಸಹಿ ಹಾಕಿ ಕೊಟ್ಟಬಿಡು, ಗಿರಾಕಿ ಉಳೀತಾರ,” ಎಂದಿದ್ದಾರೆ. ಗಿರಾಕಿ ಉಳಿಯಲಿ, ನನಗೂ ಸಂಬಳ ಬೇಕು. ಲಾಗ್, ಗೆಟರ್, ಖಾಲಿ ಸ್ಥಳ ಎಲ್ಲವನ್ನೂ ಸೇರಿಸಿ ವಿವರಣೆ ಬರೆದುಕೊಡುತ್ತೇನೆ, ಎಷ್ಟು ಪುಟವಾದರೂ ಸರಿ. ತಪ್ಪೊಪ್ಪಿಗೆಗೆ ಸಹಿ ಹಾಕುವುದಿಲ್ಲ.