ನೆಟ್ಟಗೆ ಓಡಿದವನು ಕೆಟ್ಟ

ವಿಡಿಯೋ ಗೇಮಿನಲ್ಲಿ ಡಬ್ಲ್ಯೂ ಕೀ ಒತ್ತಿ ಮೂಗಿನ ನೇರಕ್ಕೆ ಓಡುವವನಷ್ಟು ಪಾಪದ ಪ್ರಾಣಿ ಇನ್ನೊಂದಿಲ್ಲ. 1996ರ ‘ಕ್ವೇಕ್’ ಎಂಬ ಗುಂಡಿನ ಕಾಳಗದ ಆಟದಲ್ಲಿ ಅವನಿಗೆ ಸಿಗುವುದು ಸೆಕೆಂಡಿಗೆ 320 ಯೂನಿಟ್ (ಆಟದೊಳಗಿನ ಅಳತೆ) ವೇಗ, ಅಷ್ಟೇ. ಅಷ್ಟರಲ್ಲಿ ಇನ್ನೊಬ್ಬ ಸೊಟ್ಟಸೊಟ್ಟಗೆ ಕುಪ್ಪಳಿಸುತ್ತಾ ಪಕ್ಕದಿಂದ ಹಾದು ಮಾಯವಾಗಿರುತ್ತಾನೆ. ಈ ವಿದ್ಯೆಯ ಹೆಸರು ಬನ್ನಿ ಹಾಪ್.

ಗುಟ್ಟೆಲ್ಲ ಇರುವುದು ಆಟವನ್ನು ನಡೆಸುವ ಪ್ರೋಗ್ರಾಂ ಕೋಡಿನ ಭೋಳೇತನದಲ್ಲಿ. ಆಟಗಾರ ಗಾಳಿಯಲ್ಲಿದ್ದಾಗ ಅದು ‘ಒಟ್ಟು ವೇಗ ಎಷ್ಟಪ್ಪಾ’ ಎಂದು ಕೇಳುವುದೇ ಇಲ್ಲ. ‘ಈಗ ಒತ್ತಿದ ಕೀಯ ದಿಕ್ಕಿಗೆ ಎಷ್ಟು’ ಎಂದಷ್ಟೇ ಕೇಳುತ್ತದೆ. 30ಕ್ಕಿಂತ ಕಡಿಮೆಯಿದ್ದರೆ ಉಳಿದದ್ದನ್ನು ತುಂಬಿಕೊಡುತ್ತದೆ. ಉತ್ತರಕ್ಕೆ 320ರಲ್ಲಿ ಹಾರುತ್ತಿರುವವನು ಪೂರ್ವಕ್ಕೆ ಒತ್ತಿದರೆ ಆ ಕಡೆ ಅವನ ವೇಗ ಸೊನ್ನೆ. ತಗೋ 30! ಪೈಥಾಗೊರಸ್ ಲೆಕ್ಕ ಹಾಕಿದರೆ ಒಟ್ಟು 321.4. ಇಷ್ಟೇನಾ ಎನ್ನಬೇಡಿ. ಒಂದು ನೆಗೆತ ಸುಮಾರು 0.67 ಸೆಕೆಂಡಿನದು, ಸೆಕೆಂಡಿಗೆ 72 ಫ್ರೇಮ್ (ತೆರೆಯ ಚಿತ್ರ ಬದಲಾಗುವ ಒಂದೊಂದು ಹೆಜ್ಜೆ) ಎಂದರೆ 48 ಸಲ ಈ ಧರ್ಮಕಾರ್ಯ ನಡೆಯುತ್ತದೆ. ಪ್ರತಿ ಸಲವೂ ಒತ್ತುವ ದಿಕ್ಕು ಹಾರುವ ದಿಕ್ಕಿಗೆ ಲಂಬವಾಗಿದ್ದು, ಎಲ್ಲೂ ಕೋನ ಕೆಡದಿದ್ದರೆ ಮೊದಲ ನೆಗೆತ ಮುಗಿಯುವಷ್ಟರಲ್ಲಿ ವೇಗ 380ರ ಆಸುಪಾಸು.

ಆದರೆ ಕೋನ ಕೆಡುತ್ತದೆ. ಓಡಿ ನೆಗೆದ ಕೂಡಲೇ ಡಬ್ಲ್ಯೂ ಬಿಡಬೇಕು, ಬಲಕ್ಕೆ ಸರಿಸುವ ಡಿ ಹಿಡಿದು ಮೌಸನ್ನು ನಯವಾಗಿ ಬಲಕ್ಕೆ ಎಳೆಯಬೇಕು. ಮುಂದಿನ ನೆಗೆತಕ್ಕೆ ಎಡಕ್ಕೆ ಸರಿಸುವ ಎ ಹಿಡಿದು ಮೌಸೂ ಎಡಕ್ಕೆ. ಡಬ್ಲ್ಯೂ ಬಿಡಲು ಬೆರಳು ಒಪ್ಪುವುದಿಲ್ಲ. ಬಿಡದಿದ್ದರೆ ಆ ದಿಕ್ಕಿಗೆ ಆಗಲೇ 320 ಇದೆಯಲ್ಲ, ಕೋಡು ಕೈಯಾಡಿಸಿ ಕಳಿಸುತ್ತದೆ. ಮೌಸನ್ನು ರಪ್ಪನೆ ಎಳೆದರೆ ಇನ್ನೂ ಫಜೀತಿ: ಕೀಯ ದಿಕ್ಕು ಓಟಕ್ಕೆ ವಿರುದ್ಧವಾಗಿ ತಿರುಗಿ, ವೇಗ ಕೊಡಬೇಕಾದ ಕೀ ಬ್ರೇಕ್ ಹಾಕುತ್ತದೆ.

ಇನ್ನು ನೆಲ. ಅಲ್ಲಿ ಒಂದೇ ಫ್ರೇಮ್ ಹೆಚ್ಚು ನಿಂತರೂ ಘರ್ಷಣೆ ಶೇ. 5ಕ್ಕೂ ಹೆಚ್ಚು ವೇಗ ಕಿತ್ತುಕೊಳ್ಳುತ್ತದೆ. ಹಾಗಂತ ನೆಗೆಸುವ ಸ್ಪೇಸ್ ಬಾರನ್ನು ಒತ್ತಿಯೇ ಇಟ್ಟರೆ ಮುಂದಿನ ನೆಗೆತವೇ ಇಲ್ಲ. ಅದನ್ನು ತಡೆಯುವ ಕೋಡ್ ಸಾಲಿನ ಪಕ್ಕದಲ್ಲಿ ‘ಡೋಂಟ್ ಪೋಗೋ ಸ್ಟಿಕ್’ (ಸ್ಪ್ರಿಂಗ್ ಕೋಲಿನ ಹಾಗೆ ಪುಟಿಯಬೇಡ) ಎಂದು ಬರೆದಿಟ್ಟಿದ್ದಾರೆ. ಗಾಳಿಯಲ್ಲಿದ್ದಾಗಲೇ ಬಿಟ್ಟು ಮತ್ತೆ ಒತ್ತಿ ಹಿಡಿದರೆ ಮಾತ್ರ, ನೆಲ ಸಿಕ್ಕ ತಕ್ಷಣ ಕ್ವೇಕ್ ತಾನೇ ನೆಗೆಸುತ್ತದೆ. 1998ರ ‘ಹಾಫ್-ಲೈಫ್’ಗೆ ಆ ಕರುಣೆಯೂ ಇಲ್ಲ. ಗಾಳಿಯಲ್ಲಿ ಒತ್ತಿದ್ದು ವ್ಯರ್ಥ, ಕಾಲು ತಾಗಿದ ಕ್ಷಣಕ್ಕೇ ಒತ್ತಬೇಕು. ಅದಕ್ಕೇ ಹಾಫ್-ಲೈಫ್ ಮೇಲೆ ಕಟ್ಟಿದ ಕೌಂಟರ್-ಸ್ಟ್ರೈಕ್ ಆಟದ ಕುಳಗಳು ನೆಗೆತವನ್ನು ಮೌಸ್ ಚಕ್ರಕ್ಕೆ ಕಟ್ಟುವುದು: ಒಮ್ಮೆ ಕೆಳಕ್ಕೆ ಉರುಳಿಸಿದರೆ ಹತ್ತಾರು ಒತ್ತು, ಯಾವುದೋ ಒಂದು ತಾಗುತ್ತದೆ. ಗಡಿಬಿಡಿಯಲ್ಲಿ ಚಕ್ರ ಮೇಲಕ್ಕೆ ಉರುಳಿತೋ, ನೆಗೆಯುವ ಬದಲು ಕೈಯಲ್ಲಿನ ಆಯುಧ ಬದಲಾಗುತ್ತದೆ. ಎದುರಾಳಿ ಎದುರಿಗೇ ಇರುತ್ತಾನೆ.

ಕಾನೂನು ತರಲು ಹೋದವರ ಪಾಡೂ ಅಷ್ಟಕ್ಕಷ್ಟೇ. ಹಾಫ್-ಲೈಫ್‌ನಲ್ಲಿ ‘ಪ್ರಿವೆಂಟ್ ಮೆಗಾ ಬನ್ನಿ ಜಂಪಿಂಗ್’ ಎಂಬ ಹೆಸರಿನ ಫಂಕ್ಷನ್ನೇ (ಕೋಡಿನ ತುಣುಕೇ) ಬಂತು: ಗರಿಷ್ಠ ವೇಗದ 1.7 ಪಟ್ಟು ದಾಟಿ ನೆಗೆದವನನ್ನು ಆ ಮಿತಿಯ ಶೇ. 65ಕ್ಕೆ ಇಳಿಸುವುದು ಅದರ ಕೆಲಸ. 1999ರ ‘ಕ್ವೇಕ್ 3’ರಲ್ಲಿ ಹೀಗೆ ನೆಗೆದು ವೇಗಮಿತಿ ದಾಟುವ ದೋಷ ತಪ್ಪಿಸುವ ಕೋಡನ್ನು ಬರೆದೂ ಆಫ್ ಮಾಡಿಟ್ಟಿದ್ದಾರೆ. ಸರಿಯಾದ ವಿಧಾನ ಇದೇ, ಆದರೆ ಆಡಲು ಹಿತವಾಗಿಲ್ಲ ಎಂಬರ್ಥದ ಷರಾ ಜೊತೆಗಿದೆ. ಅಷ್ಟು ಪ್ರಾಮಾಣಿಕ ಷರಾ ಸರ್ಕಾರಿ ಕಡತದಲ್ಲೂ ಸಿಗಲಾರದು.

‘ಹಾಫ್-ಲೈಫ್ 2’ರದು ಪರಮಾವಧಿ. ಅದರ ನಂತರದ ಆವೃತ್ತಿಯಲ್ಲಿ ನೆಗೆಯುವಾಗ ವೇಗ ಮಿತಿ ಮೀರಿದ್ದರೆ, ಹೆಚ್ಚಾದಷ್ಟನ್ನು ಮುಖ ಇರುವ ದಿಕ್ಕಿನಿಂದ ಕಳೆಯುತ್ತಾರೆ. ಆಟಗಾರ ಹಿಂದಕ್ಕೆ ಮುಖ ಮಾಡಿ ಕುಪ್ಪಳಿಸಿದ. ಕಳೆದದ್ದೆಲ್ಲ ಅವನು ಹೋಗುತ್ತಿದ್ದ ಕಡೆಗೇ ಕೂಡಿತು! ದಂಡ ಹಾಕಲು ಕೈ ತೋರಿಸಿದ ಟ್ರಾಫಿಕ್ ಪೊಲೀಸಪ್ಪ ಜೇಬಿಗೆ ದುಡ್ಡು ತುರುಕಿ ಕಳಿಸಿದ ಹಾಗೆ. ಮಾಡುವುದು ಸುಲಭ: ಮುಂದಕ್ಕೆ ಓಡಿ ನೆಗೆದು, ಗಾಳಿಯಲ್ಲೇ ಪೂರ್ತಿ ತಿರುಗಿ, ಎಲ್ಲ ಕೀ ಬಿಟ್ಟು ಬರೀ ನೆಗೆಯುತ್ತಿರಿ. ತೊಂದರೆ ಒಂದೇ, ಹೋಗುವ ದಾರಿ ಕಾಣುವುದಿಲ್ಲ. ತಿರುವುಗಳನ್ನು ಮೊದಲು ಮುಂದೆ ನೋಡಿ ನಡೆದು ಬಾಯಿಪಾಠ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಯಾವುದೋ ಬಾಗಿಲ ಚೌಕಟ್ಟು ಬೆನ್ನಿಗೆ ಬಡಿದು, ಕೂಡಿಟ್ಟ ವೇಗವೆಲ್ಲ ಸೊನ್ನೆಗೆ ಬಂದು, ಮತ್ತೆ ಡಬ್ಲ್ಯೂ ಒತ್ತಬೇಕಾಗುತ್ತದೆ.