ಹದಿನೆಂಟು ಸಾವಿರದ ನೆರಳು

ಏಪ್ರಿಲ್ ಬಂತೆಂದರೆ ರಾಯಚೂರಿನ ನಮ್ಮ ಮನೆಯ ನಲ್ಲಿಯಲ್ಲಿ ತಣ್ಣೀರು ಬರುವುದು ನಿಂತೇ ಹೋಗುತ್ತದೆ. ಸಂಜೆ ಮನೆಗೆ ಬಂದು ಒಂದು ಚೊಂಬು ಸುರಿದುಕೊಂಡರೆ ಮೈ ಚುರ್ ಎನ್ನುತ್ತದೆ. ಬಿಟ್ಟಿ ಬಿಸಿನೀರು ಎಂದು ಬೆಂಗಳೂರಿನ ನೆಂಟರು ನಗುತ್ತಾರೆ. 42 ಡಿಗ್ರಿಯಲ್ಲಿ ಬೆಂದು ಬಂದವನಿಗೆ ಆ ನಗು ಹಿಡಿಸುವುದಿಲ್ಲ.

ತಪ್ಪೆಲ್ಲ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನದೆಂದು ತೀರ್ಮಾನಿಸಿದ್ದೆ. ಅದು ಕಪ್ಪಗಿರುವುದಕ್ಕೂ ಕಾರಣವಿದೆ. ಬೆಳಕು ಒಳಹೊಕ್ಕರೆ ಪಾಚಿ ಕಟ್ಟುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ ಬೇಗ ಬಿರಿಯುತ್ತದೆ. ಕಪ್ಪು ಇವೆರಡನ್ನೂ ತಡೆಯುತ್ತದೆ. ಅದರ ಕೂಲಿಯೆಂಬಂತೆ ದಿನವಿಡೀ ಬಿಸಿಲು ಕುಡಿದು ನೀರಿಗೆ ದಾಟಿಸುತ್ತದೆ.

ಮೊದಲ ವರ್ಷ ಟ್ಯಾಂಕಿಗೆ ಸುಣ್ಣ ಬಳಿದೆ. ನುಣುಪು ಪ್ಲಾಸ್ಟಿಕ್ಕಿಗೆ ಸುಣ್ಣ ಎಲ್ಲಿ ಹಿಡಿಯಬೇಕು? ವಾರದಲ್ಲಿ ಹಕ್ಕಳೆ ಹಕ್ಕಳೆಯಾಗಿ ಉದುರಿ, ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂತಿತು. ಎರಡನೆಯ ವರ್ಷ ಹಸಿ ಗೋಣಿಚೀಲ ಸುತ್ತಿದೆ. ಮಣ್ಣಿನ ಹರವಿಯ ನೀರು ತಣ್ಣಗಾಗುವ ಲೆಕ್ಕವೇ ಇದು: ಆವಿಯಾಗುವ ನೀರು ಶಾಖವನ್ನು ತನ್ನೊಡನೆ ಒಯ್ಯುತ್ತದೆ. ನಮ್ಮ ಒಣಗಾಳಿಯಲ್ಲಿ ಅದು ಮಂಗಳೂರಿಗಿಂತ ಎಷ್ಟೋ ಚೆನ್ನಾಗಿ ನಡೆಯುತ್ತದೆ. ನಡೆಯಿತು ಕೂಡ. ಆದರೆ ಗಂಟೆಗೊಮ್ಮೆ ಗೋಣಿ ನೆನೆಸಲು ಮಟಮಟ ಮಧ್ಯಾಹ್ನ ಮಾಳಿಗೆ ಹತ್ತುವವರು ಯಾರು? ಆ ಚರ್ಚೆ ಮನೆಯಲ್ಲಿ ಮುಗಿಯುವ ಮೊದಲೇ ಕೋತಿಗಳು ಗೋಣಿಯನ್ನು ಹರಿದು ಚಿಂದಿ ಮಾಡಿದ್ದವು.

ಮೂರನೆಯ ವರ್ಷ ವೆಲ್ಡಿಂಗ್‌ನವನನ್ನು ಕರೆಸಿದೆ. ಟ್ಯಾಂಕಿಗೊಂದು ತಗಡಿನ ಶೆಡ್ಡು. ಅಳತೆ ಹಿಡಿದು, ಚೀಟಿಯ ಮೇಲೆ 18,000 ಎಂದು ಬರೆದುಕೊಟ್ಟು ಹೋದ.

ಆ ಚೀಟಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತಿದ್ದಾಗ ಕೆಳಮನೆಯ ಅವ್ವ ವಿಷಯವೇನೆಂದು ಕೇಳಿದರು. ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸದೆಯೇ, “ತಮ್ಮಾ, ಬೆಳಗ್ಗೆ ಐದಕ್ಕೆ ನಲ್ಲಿ ತಿರುವಿ ಎರಡು ಬಕೆಟ್ ಹಿಡಿದಿಟ್ಟರೆ ನಿನ್ನ ಕೈ ಸವೆಯುತ್ತದೆಯೇ?” ಎಂದರು.

ಅಷ್ಟೇ. ಬಚ್ಚಲಿನ ನೆರಳಲ್ಲಿ ಮುಚ್ಚಿಟ್ಟ ಬೆಳಗಿನ ನೀರು ಸಂಜೆಗೂ ಹಿತವಾಗಿಯೇ ಇತ್ತು. ಮೂರು ವರ್ಷ ನಾನು ಸಾವಿರ ಲೀಟರ್ ನೀರನ್ನು ತಂಪು ಮಾಡಲು ಒದ್ದಾಡಿದ್ದೆ. ನನಗೆ ಬೇಕಿದ್ದದ್ದು ಎರಡು ಬಕೆಟ್.

ಇಂಥ ದಾರಿಗಳು ಕಾಣದಿರುವುದು ದಡ್ಡತನದಿಂದಲ್ಲ, ಮೊದಲು ಕೇಳಿಕೊಂಡ ಪ್ರಶ್ನೆಗೇ ಗಂಟು ಬೀಳುವುದರಿಂದ ಎಂದು ನನಗನ್ನಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ, ಎಡದಂಡೆ ಕಾಲುವೆ ನಂಬಿದ ಕೊಪ್ಪಳ, ರಾಯಚೂರಿನ ರೈತರಿಗೆ ನಿದ್ದೆ ಇರಲಿಲ್ಲ. ಜಲಾಶಯದ ಮಟ್ಟ ಸಾಕಷ್ಟು ಇಳಿಯುವವರೆಗೆ ಗೇಟು ಕೂರಿಸಲಾಗದು ಎಂಬುದೇ ಎಲ್ಲರ ಬಾಯಲ್ಲಿತ್ತು. ಅಂದರೆ ಬೆಳೆಯ ನೀರು ಹೊಳೆಗೆ. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಕಿಂಡಿ ಮುಚ್ಚಿದರು. ಇಡೀ ಗೇಟಿನ ಬದಲು ತುಂಡು ತುಂಡು. ಅದರ ಹಿಂದಿನ ಲೆಕ್ಕ, ಕ್ರೇನು, ಎದೆಗಾರಿಕೆ ನನ್ನ ಬಕೆಟ್ಟಿಗೆ ಹೋಲಿಸುವಂಥದ್ದಲ್ಲ, ಗೊತ್ತು. ಆದರೂ ಸ್ನಾನ ಮಾಡುವಾಗಲೆಲ್ಲ ನೆನಪಾಗುತ್ತದೆ.

ಹಾಗೆಂದು, “ಬಡವರು ಎಷ್ಟು ಜಾಣರು ನೋಡಿ, ಹರವಿಯಲ್ಲೇ ಬೇಸಿಗೆ ಕಳೆಯುತ್ತಾರೆ” ಎಂದು ಎಸಿ ಕೋಣೆಯಲ್ಲಿ ಕೂತು ಬರೆಯುವವರನ್ನು ಕಂಡರೆ ನನಗಾಗದು. ತಗಡಿನ ಮನೆಯಲ್ಲಿ ಮಲಗುವವರಿಗೆ ಬೇಕಿರುವುದು ಉಪಾಯವಲ್ಲ, ಒಳ್ಳೆಯ ಮಾಳಿಗೆ.

ಈಗ ನಮ್ಮಲ್ಲಿ ಎಣ್ಣೆ ಜಿಡ್ಡಿನ ಪಾತ್ರೆಗಳೆಲ್ಲ ಮಧ್ಯಾಹ್ನದ ನಲ್ಲಿಗೆ ಕಾಯುತ್ತವೆ. ಆ ಸುಡುನೀರಿಗೆ ಬಾಣಲೆ ಒಂದೇ ಉಜ್ಜಿಗೆ ಹೊಳೆಯುತ್ತದೆ. ಭಾನುವಾರ ತೊಳೆಯುವ ಪಾಳಿ ನನ್ನದು.

ಮೊನ್ನೆ ತೀನ್ ಕಂದೀಲ್ ಹತ್ತಿರ ವೆಲ್ಡಿಂಗ್‌ನವನು ಸಿಕ್ಕಿ, ಶೆಡ್ಡು ಏನಾಯಿತೆಂದು ಕೇಳಿದ. ಬಕೆಟ್ಟಿನ ಕಥೆ ಹೇಳಿದೆ. “ನಮ್ಮ ಮನೆಯಲ್ಲೂ ಅದನ್ನೇ ಮಾಡುತ್ತೇವೆ ಸರ್” ಎಂದ.

“ಮತ್ತೆ ಅವತ್ತೇ ಹೇಳಬಾರದಿತ್ತೇನಪ್ಪ?”

“ನೀವು ಕೇಳಿದ್ದು ಶೆಡ್ಡಿನ ರೇಟಲ್ಲವೇ, ಸರ್.”