160 ಎಕರೆ, ನಮೂನೆ 7 ಮತ್ತು ಹೆಳವರು

ಕೆನಡಾದ ಸಸ್ಕ್ಯಾಚೆವಾನ್‌ನಲ್ಲಿ ರೈತನ ಮನೆತನದ ಕತೆ ಕೇಳಿದರೆ ಮೊದಲು ಬರುವುದು ನಂಬರು. ಯಾವ ಟೌನ್‌ಶಿಪ್, ಯಾವ ಸೆಕ್ಷನ್, ಅದರ ಯಾವ ಮೂಲೆಯ ಕಾಲು ಭಾಗ. ಮುತ್ತಜ್ಜನ ಹೆಸರು ಆಮೇಲೆ. ನಮ್ಮ ಗದಗ ಸೀಮೆಯಲ್ಲಿ ಇದು ತಿರುವುಮುರುವು. ಅಡ್ಡಹೆಸರು, ಮೂಲ ಊರು, ಮನೆದೇವರು ಮೊದಲು. ಹೊಲದ ಸರ್ವೆ ನಂಬರು ಬಾಯಿಗೆ ಬರುವುದು ಅಣ್ಣತಮ್ಮಂದಿರು ಕೋರ್ಟು ಹತ್ತಿದಾಗ. ಸಸ್ಕ್ಯಾಚೆವಾನ್ ಪ್ರಾಂತ್ಯದ ರಾಜಧಾನಿ ರಿಜೈನಾದಲ್ಲಿ ನೆಲೆಸಿದ ಮೇಲೆ ಈ ಎರಡು ರೂಢಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಚಟ ನನಗೆ ಹತ್ತಿದೆ. ಕಾಗದ ಜೋಪಾನ ಮಾಡುವುದನ್ನು ಇವರಿಂದ ನಾವು ಕಲಿಯಬೇಕು. ಕಾಗದ ಹುಟ್ಟಿದ ದಿನವೇ ನೆಲವೂ ಹುಟ್ಟಿತು ಎಂಬ ಇವರ ನಂಬಿಕೆ ಮಾತ್ರ ನಮಗೆ ಬೇಡ.

ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬನ ಮುತ್ತಜ್ಜ ಈಗಿನ ಉಕ್ರೇನ್ ಕಡೆಯಿಂದ ಬಂದವನು. ಆಗ ಇಲ್ಲಿ ನಡೆಯುತ್ತಿದ್ದುದು 1872ರ ಡೊಮಿನಿಯನ್ ಲ್ಯಾಂಡ್ಸ್ ಕಾಯ್ದೆ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್ಪು, ಅದರಲ್ಲಿ 36 ಸೆಕ್ಷನ್ನು, ಒಂದೊಂದು ಸೆಕ್ಷನ್ನಿನಲ್ಲಿ 640 ಎಕರೆ. 10 ಡಾಲರ್ ಕಟ್ಟಿ ಅರ್ಜಿ ಕೊಟ್ಟರೆ ಕಾಲು ಸೆಕ್ಷನ್, ಅಂದರೆ 160 ಎಕರೆ. ಆದರೆ ಹೆಸರಿಗೆ ಆಗಬೇಕಾದರೆ ಮೂರು ವರ್ಷ, ವರ್ಷಕ್ಕೆ ಆರು ತಿಂಗಳು ಅಲ್ಲೇ ಇರಬೇಕು, ಮನೆ ಕಟ್ಟಬೇಕು, ನೆಲ ಒಡೆದು ಬಿತ್ತಬೇಕು. ಆಗದೆ ಕೈಬಿಟ್ಟು ಹೋದವರು ಬೇಕಾದಷ್ಟು ಜನ.

ಆ ಅರ್ಜಿಗಳ ಕಡತಗಳು ಪ್ರಾಂತ್ಯದ ಪತ್ರಾಗಾರದಲ್ಲಿವೆ. ಗೆಳೆಯ ತನ್ನ ಮುತ್ತಜ್ಜನ ಕಡತದ ಪ್ರತಿ ತರಿಸಿ ನನಗೂ ತೋರಿಸಿದ. ಯಾವ ವರ್ಷ ಎಷ್ಟು ಎಕರೆ ನೆಲ ಒಡೆದ, ಅದರಲ್ಲಿ ಎಷ್ಟು ಬಿತ್ತಿದ, ದನ ಎಷ್ಟು, ಕುದುರೆ ಎಷ್ಟು, ಮನೆಯ ಉದ್ದಗಲ, ಅದರ ಬೆಲೆ, ಎಲ್ಲ ಪ್ರಮಾಣ ಮಾಡಿ ಬರೆಸಿದ್ದು. ಕೆಳಗೆ ಹೊಲದ ನೆರೆಯವರಿಬ್ಬರ ಸಾಕ್ಷಿ. ರಾಜಮಹಾರಾಜರ ಬಗ್ಗೆಯೂ ಇಷ್ಟು ಖಚಿತವಾಗಿ ನಮಗೆ ಗೊತ್ತಿರುವುದಿಲ್ಲ. ಹೆಂಡತಿಯ ಪಾಲಿಗೆ ಮಾತ್ರ 'ಕುಟುಂಬದ ಸದಸ್ಯರು' ಎಂಬಲ್ಲಿ ಒಂದು ಅಂಕಿ. ವಿಧವೆಯಂಥ ಮನೆ ಯಜಮಾನಿಗಲ್ಲದೆ ಹೆಂಗಸಿಗೆ ಇಲ್ಲಿ ಜಮೀನು ಕೊಡುತ್ತಿರಲಿಲ್ಲ. ಅಮೆರಿಕದ ಇಂಥದೇ 1862ರ ಕಾಯ್ದೆ ಮದುವೆಯಾಗದ ಹೆಣ್ಣಿಗೂ ಕೊಟ್ಟಿತ್ತು.

ಆ ಅಜ್ಜಿ ಸಿಗುವುದು ಇನ್ನೊಂದು ಪುಸ್ತಕದಲ್ಲಿ. 1980ರಲ್ಲಿ ಪ್ರಾಂತ್ಯಕ್ಕೆ 75 ತುಂಬಿದಾಗ ಸಣ್ಣಸಣ್ಣ ಊರಿನವರೂ ಸೇರಿ ತಮ್ಮ ಸೀಮೆಯ ಚರಿತ್ರೆ ಅಚ್ಚು ಹಾಕಿಸಿದರು. ಒಂದೊಂದು ಮನೆತನ ತನ್ನದನ್ನು ತಾನೇ ಬರೆದುಕೊಟ್ಟದ್ದು. ಅಂಗಳದ ಮಣ್ಣಿನ ಒಲೆಯಲ್ಲಿ ಆಕೆ ರೊಟ್ಟಿ ಸುಟ್ಟದ್ದು, 1930ರ ದಶಕದ ಬರದಲ್ಲಿ ಧೂಳು ಒಳಗೆ ಬಾರದಂತೆ ಕಿಟಕಿಗೆ ಒದ್ದೆ ಬಟ್ಟೆ ತುರುಕಿದ್ದು ಅದರಲ್ಲಿದೆ. ಬರಹ ಸಾಧಾರಣ, ತಪ್ಪುಗಳೂ ಉಂಟು. ಆದರೂ ನನಗೆ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ನಮ್ಮ ಮನೆಯಲ್ಲೂ ಅಂಥದ್ದೇ ಒಂದು ಕಡತ ಇರಬೇಕಿತ್ತು. ಅಜ್ಜ ಬೇರೆಯವರ ಎರೆ ಹೊಲ ಪಾಲಿಗೆ ಮಾಡುತ್ತಿದ್ದ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ಬಂದಾಗ ಗೇಣಿದಾರ ಹೊಲ ತನ್ನ ಹೆಸರಿಗೆ ಕೇಳುವ ಅರ್ಜಿ, ನಮೂನೆ 7, ತುಂಬಿ ಕೊಟ್ಟ. ಭೂ ನ್ಯಾಯಮಂಡಳಿಯ ಮುಂದೆ ಹೇಳಿಕೆ ಆಯಿತು, ಪಕ್ಕದ ಹೊಲದವರು ಸಾಕ್ಷಿ ಹೇಳಿದರು, ಹೊಲ ಹೆಸರಿಗಾಯಿತು. 'ಉಳುವವನೇ ಹೊಲದೊಡೆಯ' ಎಂದು ಭಾಷಣದಲ್ಲಿ ಎಷ್ಟು ಕೇಳಿದರೂ ಆ ಹೇಳಿಕೆಯಲ್ಲಿ ಅಜ್ಜ ಏನಂದ ಎಂಬುದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ತಾಲೂಕು ಕಚೇರಿಗೆ ಹೋದಾಗೆಲ್ಲ ಪಹಣಿ ತಂದಿದ್ದೇವೆ, ಅದೂ ಸಾಲಕ್ಕೆ ಇಲ್ಲವೆ ಪಾಲಿಗೆ. ಅಜ್ಜನ ಮಾತು ಓದೋಣವೆಂದು ರೆಕಾರ್ಡ್ ರೂಮಿನ ಮೆಟ್ಟಿಲು ಹತ್ತಿದವರಿಲ್ಲ.

ಇವರ ರೂಢಿಯ ಇನ್ನೊಂದು ಮಗ್ಗುಲು ಹೇಳಲೇಬೇಕು. ಆ ಊರ ಪುಸ್ತಕದ ಮೊದಲ ಪುಟದಲ್ಲಿ ನೆಲ 'ಖಾಲಿ' ಇದೆ. ಖಾಲಿ ಎಲ್ಲಿತ್ತು? ರಿಜೈನಾ ಇರುವ ಸೀಮೆಯ ಬಗ್ಗೆ ಕ್ರೀ, ಸೋಟೊ ಮೊದಲಾದ ಮೂಲನಿವಾಸಿಗಳ ಜೊತೆ 1874ರಲ್ಲಿ ಫೋರ್ಟ್ ಕಪೆಲ್‌ನಲ್ಲಿ ಸರ್ಕಾರ 'ಟ್ರೀಟಿ 4' ಎಂಬ ಒಪ್ಪಂದ ಮಾಡಿಕೊಂಡಿತ್ತು. ಅವರನ್ನು ಮೀಸಲು ಪ್ರದೇಶಕ್ಕೆ ಸೇರಿಸಿ, ಬೇಸಾಯ ಮಾಡಿಕೊಳ್ಳಿ ಎಂದರು. ಅವರು ಮಾಡತೊಡಗಿದ ಮೇಲೆ, 1889ರಿಂದ, ಹೇಟರ್ ರೀಡ್ ಎಂಬ ಅಧಿಕಾರಿ ಯಂತ್ರ ಬಳಸಕೂಡದು, ಕೈಯಲ್ಲೇ ಕೊಯ್ದು ಕೈಯಲ್ಲೇ ಬಡಿಯಿರಿ ಎಂಬ ನೀತಿ ತಂದ. ಬೇಲಿಯಾಚೆಯ ವಲಸಿಗನಿಗೆ ಅಂಥ ಅಡ್ಡಿ ಇರಲಿಲ್ಲ. ಗೆಳೆಯನ ಮುತ್ತಜ್ಜ ಕಷ್ಟಪಟ್ಟದ್ದು ಸುಳ್ಳಲ್ಲ. ಹೀಗೆ ಬಿಡಿಸಿದ ನೆಲದ ಮೇಲೆ ಪಟ್ಟದ್ದೂ ಸುಳ್ಳಲ್ಲ. ನಮ್ಮ ಅಜ್ಜನಿಗೆ ಹೊಲ ಬಂದದ್ದು ಒಡೆಯನ ಕೈಯಿಂದ, ಇವನಿಗೆ ಬಂದದ್ದು ಹೀಗೆ. ಇವೆರಡೂ ಒಂದೇ ಜಾತಿಯ ಕತೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಇಲ್ಲಿ ನನಗೆ ಹೆಳವರು ನೆನಪಾಗುತ್ತಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಕಟ್ಟೆಗೆ ಕೂತು, ನಮ್ಮ ವಂಶಾವಳಿ ನಮಗೇ ಹೇಳಿ ಕಾಳು ಕಟ್ಟಿಸಿಕೊಂಡು ಹೋಗುವವರು. ಎಕರೆ, ಇಸವಿ ಅವರ ಲೆಕ್ಕಕ್ಕಿಲ್ಲ. ನಿಮ್ಮ ಹಿರಿಯರು ಈ ಊರಿನವರಲ್ಲ, ಇಂಥಲ್ಲಿಂದ ಗುಳೆ ಬಂದವರು ಎಂದು ಮಾತ್ರ ಮುಖಕ್ಕೇ ಹೇಳುತ್ತಾರೆ. ನೀನು ಇಲ್ಲಿಗೆ ಆಮೇಲೆ ಬಂದವನು ಎಂದು ವರ್ಷಕ್ಕೊಮ್ಮೆ ನೆನಪಿಸುವವರು ಕೆನಡಾದ ಈ ಬಯಲುಸೀಮೆಗೂ ಇದ್ದಿದ್ದರೆ ಆ ಪುಸ್ತಕದ ಮೊದಲ ಪುಟ ಬೇರೆ ಇರುತ್ತಿತ್ತು.

ಅಂದಹಾಗೆ, ಆ 160 ಎಕರೆ ಈಗ ಗೆಳೆಯನ ಮನೆಯವರದಲ್ಲ. ಸರಾಸರಿ ಫಾರ್ಮೇ 1,700 ಎಕರೆ ದಾಟಿರುವಾಗ ಅಷ್ಟರಲ್ಲಿ ಹೊಟ್ಟೆ ತುಂಬದೆ ಮಾರಿದರು. ಹೊಲ ಹೋಗಿದೆ, ಕಾಗದ ಇದೆ. ನಮ್ಮಲ್ಲಿ ಹೊಲ ಗುಂಟೆ ಲೆಕ್ಕಕ್ಕೆ ಇಳಿದರೂ ಇದೆ; ಕಾಗದ ಎಲ್ಲಿದೆಯೋ. ನ್ಯಾಯಮಂಡಳಿಯ ಕಡತದ ನಕಲು ತೆಗೆಸು ಎಂದು ಊರಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದ್ದೆ. "ಹಳೇ ಕಾಗದ ಕೆದರಬ್ಯಾಡೋ ತಮ್ಮಾ, ಇದ್ದ ಜಗಳ ಸಾಕಾಗ್ಯಾವ" ಅಂದ. ಜಗಳಕ್ಕಲ್ಲ ಅಣ್ಣಾ, ಓದಾಕ ಅಂದೆ. "ಓದಾಕ ಅಂದ್ರ ಯಾರ ನಂಬ್ತಾರ?" ಅಂತ ನಕ್ಕ. ಡಿಸೆಂಬರಿನಲ್ಲಿ ನಾನೇ ಹೋಗಿ ಅರ್ಜಿ ಹಾಕುವವನಿದ್ದೇನೆ.